ರಿಪೇರಿಯಾದ ಮೇಲೆ ಹೈಬ್ರಿಡ್ ಕಾರು ಕೈಕೊಟ್ಟರೆ: ವಿದ್ಯುತ್ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಬಂಪರ್ ಕೂರಿಸಲೆಂದೋ ಎಸಿ ಗ್ಯಾಸ್ ತುಂಬಿಸಲೆಂದೋ ಬಿಟ್ಟಿದ್ದ ಕಾರು ಗ್ಯಾರೇಜಿನಿಂದ ಹೊಳೆಯುತ್ತ ಹೊರಬರುತ್ತದೆ. ಮರುದಿನ ಬೆಳಿಗ್ಗೆ ಬಟನ್ ಒತ್ತಿದರೆ ಮೀಟರ್ ಬೋರ್ಡಿನ ತುಂಬ ಹಳದಿ, ಕೆಂಪು ದೀಪಗಳು; ನಡುವೆ ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಿ ಎಂಬ ಸಂದೇಶ. ಗ್ಯಾರೇಜಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಸಾಹೇಬರೇ, ನಾವು ಬಂಪರ್ ಬಿಟ್ಟು ಬೇರೇನೂ ಮುಟ್ಟಿಲ್ಲ. ಇದು ದೊಡ್ಡ ಬ್ಯಾಟರಿಯ ಸಮಸ್ಯೆ, ಶೋರೂಮಿಗೆ ಒಯ್ಯಿರಿ.”

ಈ ಮಾತನ್ನು ಕೂಡಲೇ ನಂಬಬೇಡಿ. ನಿನ್ನೆಯವರೆಗೆ ಸರಿಯಿದ್ದ ಹೈ ವೋಲ್ಟೇಜ್ ಬ್ಯಾಟರಿ, ಬಂಪರ್ ಬದಲಿಸಿದ ದಿನವೇ ಸಾಯಲು ಮುಹೂರ್ತ ನೋಡಿಕೊಂಡಿರುವುದಿಲ್ಲ. ರಿಪೇರಿಯ ಬೆನ್ನಿಗೇ ಬಂದ ದೋಷದ ಮೊದಲ ಸಂಶಯ ರಿಪೇರಿಯ ಮೇಲೆಯೇ ಇರಬೇಕು. ಯಾವ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಬಿಚ್ಚಿದರು, ಯಾವ ಅರ್ಥಿಂಗ್ ಬೋಲ್ಟ್ ಸಡಿಲಿಸಿದರು, ಯಾವ ಎಣ್ಣೆ ಹಾಕಿದರು ಎಂದು ಕೈ ಹೋದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಈ ಬರಹದ ಕ್ರಮವೂ ಅದೇ.

ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ ಹೈಬ್ರಿಡ್ ಮೂರೂ ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ರಸ್ತೆಗಳಲ್ಲಿ ಈ ಕಾರುಗಳು ಕಾಣತೊಡಗಿದಷ್ಟು ಬೇಗ ಇವುಗಳ ವಿದ್ಯುತ್ ವ್ಯವಸ್ಥೆ ಬಲ್ಲ ಕೈಗಳು ಬೆಳೆದಿಲ್ಲ. ಬೆಳಗಾವಿಯ ಉದ್ಯಮಬಾಗದ ಲೇಥ್ ಕೆಲಸಗಾರರು ಕಬ್ಬಿಣದ ಯಾವ ಭಾಗವನ್ನಾದರೂ ನೋಡಿ ಹಾಗೆಯೇ ಮಾಡಿಕೊಡಬಲ್ಲರು. ನಮ್ಮ ವೈರಿಂಗ್ ಮಿಸ್ತ್ರಿಗಳು ಸಾಮಾನ್ಯ ಕಾರಿನ ಯಾವ ದೋಷವನ್ನೂ ಟೆಸ್ಟ್ ಲ್ಯಾಂಪ್ ಹಿಡಿದೇ ಹುಡುಕಬಲ್ಲರು. ಆದರೆ ಹೈಬ್ರಿಡ್‌ನಲ್ಲಿ ಆ ಜಾಣ್ಮೆಗೆ ಒಂದು ಗಡಿ ಇದೆ. ಮೊದಲು ಆ ಗಡಿಯ ವಿಷಯ.

ಕೈ ಎಲ್ಲಿ ನಿಲ್ಲಬೇಕು

ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್ ಕಂಡಲ್ಲಿ ಮನೆಯ ಕೆಲಸ ಮುಗಿಯಿತು. ವಾಹನಗಳಲ್ಲಿ 60 ವೋಲ್ಟ್ ಡಿಸಿ ದಾಟಿದ್ದನ್ನು ಹೈ ವೋಲ್ಟೇಜ್ ಎಂದು ಪರಿಗಣಿಸುತ್ತಾರೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ (ಮೋಟರಿನಿಂದಲೇ ಸ್ವಲ್ಪ ದೂರ ಓಡಬಲ್ಲ) ಹೈಬ್ರಿಡ್‌ಗಳ ಲಿಥಿಯಂ ಬ್ಯಾಟರಿ 177.6 ವೋಲ್ಟ್‌ನದು. ಕೆಲವು ಕಾರುಗಳ ಇನ್ವರ್ಟರ್ (ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿ ವಿದ್ಯುತ್ತಾಗಿ ಮಾಡುವ ಪೆಟ್ಟಿಗೆ) ಬ್ಯಾಟರಿಯ ವೋಲ್ಟೇಜನ್ನು 500 ವೋಲ್ಟ್‌ಗೂ ಮೇಲಕ್ಕೆ ಏರಿಸಿ ಮೋಟರಿಗೆ ಕೊಡುತ್ತದೆ. ಇದು ತಾಗಿದರೆ ಜೀವಕ್ಕೇ ಅಪಾಯ.

ಸರ್ವಿಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್) ಎಳೆದರೆ ಅಪಾಯ ಮುಗಿಯಿತು ಎಂದು ಹೇಳುವವರು ಇದ್ದಾರೆ. ಅರ್ಧ ಸತ್ಯ. ಪ್ಲಗ್ ತೆಗೆದ ಮೇಲೂ ಇನ್ವರ್ಟರಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅದು ಇಳಿಯಲು ಟೊಯೋಟಾದ ಕೈಪಿಡಿಗಳು 10 ನಿಮಿಷ ಕಾಯಲು ಹೇಳುತ್ತವೆ. ಕಾದ ಮೇಲೂ ಮೀಟರ್ ಹಿಡಿದು ಸೊನ್ನೆ ಎಂದು ಖಚಿತಪಡಿಸಿಕೊಂಡ ನಂತರವೇ ತರಬೇತಿ ಪಡೆದವರು ಮುಂದುವರಿಯುತ್ತಾರೆ. ಬ್ಯಾಟರಿ ಪೆಟ್ಟಿಗೆಯ ಒಳಗಿನ ಸೆಲ್‌ಗಳಂತೂ ಯಾವ ಪ್ಲಗ್ ತೆಗೆದರೂ ಖಾಲಿಯಾಗುವುದಿಲ್ಲ. ಈ ಕೆಲಸಕ್ಕೆ 1000 ವೋಲ್ಟ್ ತಾಳುವ ಕ್ಲಾಸ್ 0 ರಬ್ಬರ್ ಕೈಗವಸು, ಕ್ಯಾಟ್ 3 ದರ್ಜೆಯ 1000 ವೋಲ್ಟ್ ಮೀಟರ್ ಬೇಕು. ಬಜಾರಿನಲ್ಲಿ ಸಿಗುವ ಮನೆಬಳಕೆಯ ರಬ್ಬರ್ ಗ್ಲೌಸ್ ಇದಕ್ಕೆ ಆಗದು.

ಇನ್ನೊಂದು ಅಪಾಯವನ್ನು ಹೆಚ್ಚಿನವರು ಮರೆಯುತ್ತಾರೆ. ‘ರೆಡಿ’ ದೀಪ ಉರಿಯುತ್ತಿರುವ ಹೈಬ್ರಿಡ್ ಕಾರು ಸದ್ದಿಲ್ಲದೆ ನಿಂತಿದ್ದರೂ ಚಾಲೂ ಇದೆ. ಬಾನೆಟ್ ಒಳಗೆ ಕೈ ಇಟ್ಟಾಗಲೇ ಎಂಜಿನ್ ತಾನಾಗಿ ತಿರುಗಬಹುದು. ಆದ್ದರಿಂದ ಗೇರ್ ‘ಪಿ’ಯಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಕಾರು ಬಂದ್ ಮಾಡಿ, ಸ್ಮಾರ್ಟ್ ಕೀಯನ್ನು ಮನೆಯೊಳಗೆ ದೂರದಲ್ಲಿಟ್ಟು ಕೆಲಸ ಶುರು ಮಾಡಿ. ಮಕ್ಕಳ ಕೈಗೆ ಕೀ ಸಿಗದಿರಲಿ.

ನಿಮ್ಮದು ಯಾವ ಬಗೆಯ ಹೈಬ್ರಿಡ್?

ಎರ್ಟಿಗಾ, ಎಕ್ಸ್‌ಎಲ್6, ಬ್ರೆಜ್ಜಾಗಳ ‘ಸ್ಮಾರ್ಟ್ ಹೈಬ್ರಿಡ್’ ಮೈಲ್ಡ್ ಹೈಬ್ರಿಡ್, ಅಂದರೆ ಎಂಜಿನ್ನಿಗೆ ವಿದ್ಯುತ್ತಿನ ನೆರವಷ್ಟೇ. ಅಲ್ಲಿ ಕಿತ್ತಳೆ ಕೇಬಲ್ ಇಲ್ಲ. ಆಲ್ಟರ್ನೇಟರ್ ಜಾಗದಲ್ಲಿ ಬೆಲ್ಟಿನಿಂದ ತಿರುಗುವ ಸ್ಟಾರ್ಟರ್-ಜನರೇಟರ್ ಇದೆ, ಎಲ್ಲವೂ 12 ವೋಲ್ಟ್. ಅಲ್ಲಿ ರಿಪೇರಿಯ ನಂತರ ದೀಪ ಹೊತ್ತಿದರೆ ಬೆಲ್ಟಿನ ಬಿಗಿತ, ಬ್ಯಾಟರಿ ಟರ್ಮಿನಲ್, ಅದರ ಮೇಲಿನ ಸೆನ್ಸರ್ ಕಪ್ಲರ್, ಈ ಮೂರನ್ನು ನೋಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಲ್ಲುತ್ತಿಲ್ಲ ಎಂಬುದಷ್ಟೇ ದೂರಾದರೆ, ಬ್ಯಾಟರಿ ಚಾರ್ಜ್ ಕಡಿಮೆ ಇರಬಹುದು ಅಥವಾ ಎಸಿಗೆ ಹೆಚ್ಚು ಶಕ್ತಿ ಬೇಕಾಗಿರಬಹುದು; ಅದು ದೋಷವೇ ಅಲ್ಲ.

ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ಅನ್ವಯ: ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಇನ್ವಿಕ್ಟೊ, ಕ್ಯಾಮ್ರಿ, ಸಿಟಿ.

ಬಟನ್ ಒತ್ತಿದಾಗ ಏನು ನಡೆಯುತ್ತದೆ

ಬ್ರೇಕ್ ಒತ್ತಿ ಬಟನ್ ಅದುಮಿದಾಗ ಮೊದಲು ಏಳುವುದು 12 ವೋಲ್ಟ್ ವ್ಯವಸ್ಥೆ. ಅದು ಕಂಪ್ಯೂಟರ್‌ಗಳನ್ನು ಎಬ್ಬಿಸುತ್ತದೆ. ಕಂಪ್ಯೂಟರ್ ಕೀಯನ್ನು ಗುರುತಿಸುತ್ತದೆ, ಬ್ರೇಕ್ ಸ್ವಿಚ್ ಒತ್ತಿದ್ದು ನಿಜವೇ ಎಂದು ನೋಡುತ್ತದೆ, ಸರ್ವಿಸ್ ಪ್ಲಗ್ ಮತ್ತು ಇನ್ವರ್ಟರ್ ಮುಚ್ಚಳ ಸರಿಯಾಗಿ ಕೂತಿವೆಯೇ ಎಂಬುದನ್ನು ಇಂಟರ್‌ಲಾಕ್ ತಂತಿಯ ಮೂಲಕ ಪರೀಕ್ಷಿಸುತ್ತದೆ. ಎಲ್ಲವೂ ಸರಿ ಎನಿಸಿದರೆ ದೊಡ್ಡ ರಿಲೇಗಳು ಟಕ್ ಟಕ್ ಎಂದು ಕೂಡಿಕೊಳ್ಳುತ್ತವೆ. ಆಗ ಹೈ ವೋಲ್ಟೇಜ್ ಇನ್ವರ್ಟರಿಗೆ ತಲುಪಿ ‘ರೆಡಿ’ ದೀಪ ಹೊತ್ತುತ್ತದೆ.

ದೊಡ್ಡ ಬ್ಯಾಟರಿ ಗೋದಾಮಾದರೆ ಚಿಕ್ಕ 12 ವೋಲ್ಟ್ ಬ್ಯಾಟರಿ ಅದರ ಕೀಲಿಕೈ. ಕೀಲಿಕೈ ಕೆಟ್ಟರೆ ಗೋದಾಮು ತುಂಬಿದ್ದೂ ವ್ಯರ್ಥ. ಕಾರು ಈ ಸಾಲಿನಲ್ಲಿ ಎಲ್ಲಿ ನಿಂತಿತು ಎಂದು ಗಮನಿಸಿದರೆ ಅರ್ಧ ಕೆಲಸ ಆದಂತೆ. ಮೀಟರ್ ಬೋರ್ಡೇ ಮಂಕಾಗಿದ್ದರೆ 12 ವೋಲ್ಟ್. ಬೋರ್ಡು ಪ್ರಕಾಶವಾಗಿ ಹೊತ್ತಿ, ಬ್ರೇಕ್ ಒತ್ತಿ ಎನ್ನುವ ಸೂಚನೆಯಲ್ಲೇ ನಿಂತರೆ ಬ್ರೇಕ್ ಸ್ವಿಚ್. ಹಿಂದೆ ಬ್ರೇಕ್ ಲೈಟ್ ಹೊತ್ತುತ್ತದೆಯೇ ನೋಡಿ. ಕೀ ಸಿಗುತ್ತಿಲ್ಲ ಎಂದರೆ ಕೀಯ ಸೆಲ್. ಕೀಯನ್ನು ಬಟನ್‌ಗೆ ತಾಗಿಸಿ ಒತ್ತಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ರಿಲೇಯ ಸದ್ದೇ ಬಾರದಿದ್ದರೆ ಇಂಟರ್‌ಲಾಕ್ ಕಡೆ ಸಂಶಯ ಹರಿಸಿ. ಸದ್ದು ಬಂದು, ರೆಡಿ ಆಗಿ, ಆಮೇಲೆ ದೀಪ ಹೊತ್ತಿದರೆ ದೋಷ ಹೈ ವೋಲ್ಟೇಜ್ ಬಳಸುವ ಯಾವುದಾದರೂ ಭಾಗದಲ್ಲಿ ಅಥವಾ ಅದರ ತಂಪು ವ್ಯವಸ್ಥೆಯಲ್ಲಿ ಇರಬಹುದು.

ಮೊದಲ ಹೆಜ್ಜೆ: ಏನನ್ನೂ ಅಳಿಸಬೇಡಿ

“ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಡಿ, ಸರಿಹೋಗುತ್ತದೆ” ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಕೆಲವೊಮ್ಮೆ ದೀಪ ಆರಲೂಬಹುದು. ಜೊತೆಗೆ ದೋಷ ಹುಟ್ಟಿದ ಕ್ಷಣದ ಸಾಕ್ಷ್ಯವೂ ಹೋಗಬಹುದು. ದೋಷದ ಕೋಡ್ ದಾಖಲಾದಾಗ ವೇಗ, ಉಷ್ಣತೆ, ವೋಲ್ಟೇಜ್ ಎಷ್ಟಿತ್ತು ಎಂಬ ವಿವರವನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಓದುವ ಮೊದಲು ಅಳಿಸಬಾರದು.

ಮೀಟರ್ ಬೋರ್ಡಿನ ಫೋಟೋ ತೆಗೆಯಿರಿ. ದೀಪ ಬಂದಾಗ ಎಸಿ ಹಾಕಿತ್ತೇ, ಮಳೆ ಇತ್ತೇ, ಏರು ಹತ್ತುತ್ತಿದ್ದಿರೇ ಎಂದು ಬರೆದಿಡಿ. ನಂತರ ಗ್ಯಾರೇಜಿಗೆ ಹೋಗಿ, ಜಗಳದ ಧ್ವನಿಯಲ್ಲಲ್ಲ, ಕೆಲಸ ಮಾಡಿದ ಹುಡುಗನನ್ನೇ ಕೇಳಿ: ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದಿರಾ? ವೆಲ್ಡಿಂಗ್ ಆಯಿತೇ? ಆಗ ಟರ್ಮಿನಲ್ ಬಿಚ್ಚಿತ್ತೇ? ಕೂಲಂಟ್ ಇಳಿಸಿದಿರಾ? ಸೀಟು ತೆಗೆದಿರಾ? ಬೇರೆ ಕಾರಿಗೆ ಈ ಕಾರಿನಿಂದ ಜಂಪ್ ಕೊಟ್ಟಿರಾ? ಮಾಲೀಕರಿಗಿಂತ ಹುಡುಗನ ನೆನಪು ಖಚಿತವಾಗಿರುತ್ತದೆ, ಅವನಿಗೆ ಮುಚ್ಚಿಡುವ ಲಾಭವೂ ಕಡಿಮೆ. ಒಂದು ಚಹಾದ ಹೊತ್ತಿನ ಈ ಮಾತುಕತೆ ಸ್ಕ್ಯಾನರ್ ಹೇಳದ್ದನ್ನೂ ಹೇಳಿಬಿಡುತ್ತದೆ.

ಎರಡನೆಯ ಹೆಜ್ಜೆ: 12 ವೋಲ್ಟ್ ಬ್ಯಾಟರಿ

ಇಲ್ಲಿ ಅವಸರ ಬೇಡ. ರಿಪೇರಿಯ ನಂತರದ ದೂರುಗಳಲ್ಲಿ ಮೊದಲು ಹಿಡಿಯಬೇಕಾದ ಕಳ್ಳ ಇದೇ. ಕಾರಣ ಸರಳ: ಡೆಂಟಿಂಗ್, ಪೇಂಟಿಂಗ್ ಎಂದು ಕಾರು ದಿನಗಟ್ಟಲೆ ನಿಂತಿರುತ್ತದೆ. ಬಾಗಿಲು ತೆರೆದಿರುತ್ತದೆ, ಒಳಗಿನ ದೀಪ ಉರಿಯುತ್ತದೆ, ಕೆಲಸಗಾರರು ಬಟನ್ ಒತ್ತಿ ಹಾಡು ಹಾಕಿಕೊಂಡಿರುತ್ತಾರೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಈ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಆಲ್ಟರ್ನೇಟರ್ ಅಲ್ಲ, ಹೈ ವೋಲ್ಟೇಜನ್ನು ಇಳಿಸಿ ಕೊಡುವ ಡಿಸಿ-ಡಿಸಿ ಕನ್ವರ್ಟರ್. ಅದು ಕೆಲಸ ಮಾಡುವುದು ಕಾರು ‘ರೆಡಿ’ಯಲ್ಲಿದ್ದಾಗ ಮಾತ್ರ. ಬರೀ ‘ಆನ್’ನಲ್ಲಿ ಬಿಟ್ಟರೆ ಬ್ಯಾಟರಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಈ ಬ್ಯಾಟರಿ ಸ್ಟಾರ್ಟರ್ ತಿರುಗಿಸಬೇಕಿಲ್ಲ. ಹಾಗಾಗಿ ಸಾಮಾನ್ಯ ಕಾರಿನಂತೆ ‘ಗರ್ ಗರ್’ ಎಂದು ನಿಧಾನವಾಗಿ ತಿರುಗಿ ತನ್ನ ಕಷ್ಟ ಹೇಳಿಕೊಳ್ಳುವುದೂ ಇಲ್ಲ. ವೋಲ್ಟೇಜ್ ಇಳಿದಾಗ ಕಂಪ್ಯೂಟರ್‌ಗಳು ಒಂದೊಂದಾಗಿ ತಲೆ ತಿರುಗಿದಂತೆ ವರ್ತಿಸುತ್ತವೆ. ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್, ಹೈಬ್ರಿಡ್ ಎಂದು ಸಂಬಂಧವಿಲ್ಲದ ದೀಪಗಳು ಒಟ್ಟಿಗೇ ಹೊತ್ತುತ್ತವೆ. ಒಂದೇ ಬಾರಿ ನಾಲ್ಕಾರು ವ್ಯವಸ್ಥೆಗಳು ಕೆಟ್ಟಂತೆ ಕಂಡರೆ, ಅವೆಲ್ಲ ಕೆಟ್ಟಿಲ್ಲ. ಅವೆಲ್ಲವೂ ನೆಚ್ಚಿಕೊಂಡ ಯಾವುದೋ ಒಂದು ಕೆಟ್ಟಿದೆ.

ಡಿಜಿಟಲ್ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ. ಕಾರು ಬಂದ್ ಮಾಡಿ ಒಂದೆರಡು ಗಂಟೆ ಬಿಟ್ಟ ಮೇಲೆ ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆಯಿರಿ. 12.6ರ ಆಸುಪಾಸು ಇದ್ದರೆ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ದಂಡ. ಮೊದಲು ಚಾರ್ಜರ್ ಹಾಕಿ ಪೂರ್ತಿ ತುಂಬಿಸಿ. ಬ್ಯಾಟರಿ ಎಜಿಎಂ (ಆಸಿಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಡುವ) ಬಗೆಯದಾದರೆ ಅದಕ್ಕೆ ಹೊಂದುವ ಚಾರ್ಜರ್ ಬೇಕು, ಹಳೆಯ ಕಬ್ಬಿಣದ ಪೆಟ್ಟಿಗೆಯ ವೇಗದ ಚಾರ್ಜರ್ ಬೇಡ.

ಈಗ ಕಾರನ್ನು ‘ರೆಡಿ’ಗೆ ತಂದು ಅದೇ ತುದಿಗಳಲ್ಲಿ ಮತ್ತೆ ಅಳೆಯಿರಿ. 13.5ರಿಂದ 14.5ರ ನಡುವೆ ಬಂದರೆ ಕನ್ವರ್ಟರ್ ಚಾರ್ಜ್ ಕೊಡುತ್ತಿದೆ. 12ರ ಲೆಕ್ಕದಲ್ಲೇ ನಿಂತು ಮೆಲ್ಲಗೆ ಇಳಿಯುತ್ತಿದ್ದರೆ ಚಾರ್ಜ್ ತಲುಪುತ್ತಿಲ್ಲ. ರಿಪೇರಿಯ ನಂತರ ಹೀಗಾದರೆ ಕನ್ವರ್ಟರ್ ಸುಟ್ಟಿತೆಂದು ಹೆದರುವ ಮೊದಲು ಆ ಸಾಲಿನ ದೊಡ್ಡ ಫ್ಯೂಸ್ ನೋಡಿ. ಜಂಪ್ ಕೇಬಲ್ ಉಲ್ಟಾ ಕೊಟ್ಟರೆ, ಪಾನಾ ಜಾರಿ ಪ್ಲಸ್ ತುದಿಯಿಂದ ಕಾರಿನ ಬಾಡಿಗೆ ತಾಗಿದರೆ ಹಾರುವುದು ಇದೇ. ಹೈಬ್ರಿಡ್‌ನಿಂದ ಬೇರೆ ಗಾಡಿಗೆ ಜಂಪ್ ಕೊಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ದಾರಿಯಲ್ಲಿ ನಿಂತ ಟ್ರ್ಯಾಕ್ಟರ್ ಕಂಡರೆ ಬೇರೆ ಸಹಾಯ ಮಾಡಿ.

ಬ್ಯಾಟರಿ ಬದಲಿಸಿದ್ದೇ ರಿಪೇರಿಯಾಗಿದ್ದರೆ ಇನ್ನೂ ಎರಡು ವಿಷಯ. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಗ್ಯಾಸ್ ಹೊರಹೋಗಲು ಸಣ್ಣ ಕೊಳವೆ ಇರುತ್ತದೆ. ಹೊಸ ಬ್ಯಾಟರಿಗೆ ಅದನ್ನು ಜೋಡಿಸಿದ್ದಾರೆಯೇ ನೋಡಿ. ಟರ್ಮಿನಲ್ ತೆಳುವಾಗಿ, ಹಳೆಯ ಕ್ಲಾಂಪ್ ಪೂರ್ತಿ ಬಿಗಿಯಾಗದಿದ್ದರೆ ಕೈಯಿಂದ ತಿರುಗಿಸಿದಾಗ ಅಲುಗುತ್ತದೆ. ಅಲುಗಿದರೆ ಅಲ್ಲಿಗೇ ನಿಲ್ಲಿ, ಬಹುಶಃ ನಿಮ್ಮ ದೋಷ ಅದೇ. ಅಂದಹಾಗೆ, ಡಿಕ್ಕಿಯೊಳಗಿನ ಟರ್ಮಿನಲ್ ಬಿಚ್ಚಿದ ಮೇಲೆ ಡಿಕ್ಕಿಯ ಬಾಗಿಲು ಮುಚ್ಚಬೇಡಿ. ಅದರ ಬೀಗ ತೆಗೆಯಲೂ ಅದೇ ವಿದ್ಯುತ್ ಬೇಕು.

ಟರ್ಮಿನಲ್ ಬಿಚ್ಚಿ ಹಾಕಿದ ಮೇಲೆ ಕಿಟಕಿಯ ಆಟೋ ಸ್ವಿಚ್ ಕೆಲಸ ಮಾಡದಿರುವುದು, ಸ್ಟೀರಿಂಗ್ ಕೋನದ ದೀಪ ಸ್ವಲ್ಪ ಹೊತ್ತು ಉಳಿಯುವುದು ದೋಷವಲ್ಲ. ಅವನ್ನು ಮತ್ತೆ ಕಲಿಸಬೇಕು, ವಿಧಾನ ಮಾಲೀಕರ ಕೈಪಿಡಿಯಲ್ಲಿದೆ.

ಮೂರನೆಯ ಹೆಜ್ಜೆ: ಅರ್ಥಿಂಗ್

ಡೆಂಟಿಂಗ್, ಪೇಂಟಿಂಗ್ ಆದ ಕಾರಿನಲ್ಲಿ ಬ್ಯಾಟರಿಯ ನಂತರ ನೇರವಾಗಿ ಇಲ್ಲಿಗೇ ಬನ್ನಿ. ಕಾರಿನ ಬಾಡಿಗೆ ಕೂರುವ ಅರ್ಥ್ ಲಗ್‌ನ (ತಂತಿ ತುದಿಯ ಲೋಹದ ಉಂಗುರದ) ಅಡಿಯಲ್ಲಿ ಬರಿಯ ಲೋಹ ಇರಬೇಕು. ಪೇಂಟ್ ಹೊಡೆಯುವವರಿಗೆ ಬರಿಯ ಲೋಹ ಕಂಡರೆ ಸಹಿಸದು. ಪ್ರೈಮರ್, ಬಣ್ಣ, ಲ್ಯಾಕರ್ ಮೂರು ಪದರ ಹೊಡೆದು ಅದರ ಮೇಲೆ ಲಗ್ ಬಿಗಿದರೆ ಕಣ್ಣಿಗೆ ಅಂದ, ವಿದ್ಯುತ್ತಿಗೆ ಗೋಡೆ.

ಕಣ್ಣಿನಿಂದ ನೋಡಿದರೆ ಸಾಲದು, ಓಮ್ಸ್‌ನಲ್ಲಿ ಅಳೆದರೂ ಮೋಸ ಹೋಗಬಹುದು. ಒಂದೇ ಎಳೆ ತಾಗಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಭಾರ ಹಾಕಿ ಅಳೆಯಬೇಕು. ಹೆಡ್‌ಲೈಟ್, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಹಾಕಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಅಂದರೆ ಕ್ಲಾಂಪ್‌ಗಲ್ಲ ಕಂಬಕ್ಕೇ. ಇನ್ನೊಂದು ತುದಿ ಬಾಡಿಯ ಬರಿಯ ಲೋಹಕ್ಕೆ. 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಆ ದಾರಿಯಲ್ಲಿ ತಡೆ ಇದೆ. ಕ್ಲಾಂಪ್‌ಗೆ, ಲಗ್‌ಗೆ, ಬೋಲ್ಟ್‌ಗೆ ಎಂದು ತುದಿಯನ್ನು ಒಂದೊಂದೇ ಹೆಜ್ಜೆ ಸರಿಸುತ್ತ ಹೋದರೆ ಯಾವ ಜೋಡಣೆಯಲ್ಲಿ ವೋಲ್ಟೇಜ್ ಜಿಗಿಯುತ್ತದೋ ಅದೇ ಅಪರಾಧಿ. ಬೋಲ್ಟ್ ಬಿಚ್ಚಿ, ಪಾಲಿಶ್ ಕಾಗದದಿಂದ ಬಣ್ಣ ಉಜ್ಜಿ ಬಿಗಿಯಿರಿ. ಖಾನಾಪುರದ ಕಡೆಯ ಮಳೆಯಲ್ಲಿ ಓಡಾಡುವ ಕಾರಾದರೆ ಬಿಗಿದ ಮೇಲೆ ಹೊರಗಿನಿಂದ ತುಕ್ಕು ತಡೆಯುವ ಗ್ರೀಸ್ ಸವರಿ.

ಎಂಜಿನ್‌ನಿಂದ ಬಾಡಿಗೆ ಬರುವ ಹೆಣೆದ ಅರ್ಥ್ ಪಟ್ಟಿಯನ್ನು ಮರಳಿ ಹಾಕದೆ ಬಿಟ್ಟ ಉದಾಹರಣೆಗಳೂ ಇವೆ. ಅದಕ್ಕೂ ಇದೇ ಪರೀಕ್ಷೆ.

ನಾಲ್ಕನೆಯ ಹೆಜ್ಜೆ: ಕೋಡ್ ಓದುವುದು

ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಅಗ್ಗದ ಒಬಿಡಿ ಸಾಧನ (ಕಾರಿನ ಕಂಪ್ಯೂಟರ್ ಪೋರ್ಟಿಗೆ ಚುಚ್ಚಿ ದೋಷ ಓದುವಂಥದ್ದು) ಎಂಜಿನ್ ಕೋಡ್‌ಗಳನ್ನು ಓದುತ್ತದೆ. ಹೈಬ್ರಿಡ್, ಬ್ರೇಕ್, ಬ್ಯಾಟರಿ ಕಂಪ್ಯೂಟರ್‌ಗಳ ಒಳಮಾತು ಅದಕ್ಕೆ ಸಿಗುವುದು ಅಪರೂಪ. ಆರಂಭಕ್ಕೆ ಸಾಕು, ತೀರ್ಪಿಗೆ ಸಾಲದು. ತೀರ್ಪಿಗೆ ಕಂಪನಿಯ ಸ್ಕ್ಯಾನರ್ ಅಥವಾ ಆ ಮಾದರಿಯ ಹೈಬ್ರಿಡ್ ಭಾಗವನ್ನು ಪೂರ್ತಿ ಓದಬಲ್ಲ ಸ್ಕ್ಯಾನರ್ ಬೇಕು. ಮಿಸ್ತ್ರಿಯ ಸ್ಕ್ಯಾನರ್‌ನಲ್ಲಿ ಬ್ಯಾಟರಿಯ ಬ್ಲಾಕ್‌ಗಳ (ಸೆಲ್ ಗುಂಪುಗಳ) ವೋಲ್ಟೇಜ್ ಪ್ರತ್ಯೇಕವಾಗಿ ಕಾಣುತ್ತದೆಯೇ ಎಂದು ಕೇಳಿ. ಕಾಣದಿದ್ದರೆ ಅವರು ಬ್ಯಾಟರಿಯ ಬಗ್ಗೆ ಹೇಳುವುದು ಊಹೆ.

ಯು ಅಕ್ಷರದಿಂದ ಆರಂಭವಾಗುವ ಕೋಡ್‌ಗಳು ಕಂಪ್ಯೂಟರ್‌ಗಳ ನಡುವೆ ಸಂಪರ್ಕ ತಪ್ಪಿದ್ದನ್ನು ಹೇಳುತ್ತವೆ. ಇವು ರಾಶಿಯಾಗಿ ಬಂದರೆ ಮತ್ತೆ ಎರಡು, ಮೂರನೆಯ ಹೆಜ್ಜೆಗೆ ಹೋಗಿ. ಅಲ್ಲಿ ಎಲ್ಲ ಸರಿಯಿದ್ದರೆ, ಕೋಡ್ ಮತ್ತು ಫ್ರೀಜ್ ಫ್ರೇಮ್ ಬರೆದುಕೊಂಡ ಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಒಬಿಡಿ ಪೋರ್ಟಿನ 6 ಮತ್ತು 14ನೆಯ ಪಿನ್‌ಗಳ ನಡುವೆ ಓಮ್ಸ್ ಅಳೆಯಿರಿ. ಸುಮಾರು 60 ಬಂದರೆ ಆ ಸಂಪರ್ಕ ಸಾಲು ಸರಿ. 120 ಬಂದರೆ ಒಂದು ತುದಿ ಕಡಿದಿದೆ, ಎಲ್ಲೋ ಕಪ್ಲರ್ ಬಿಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಗೇಟ್‌ವೇ (ಸಂಪರ್ಕ ಸಾಲುಗಳ ನಡುವಿನ ಕಂಪ್ಯೂಟರ್) ಇರುವ ಕಾರುಗಳಲ್ಲಿ ಈ ಅಳತೆ ಪೋರ್ಟಿನವರೆಗಿನ ಸಾಲಿಗಷ್ಟೇ ಅನ್ವಯ.

ಪಿ0ಎ0ಡಿ ಇಂಟರ್‌ಲಾಕ್ ತೆರೆದಿರುವುದನ್ನು, ಪಿ0ಎಎ6 ಹೈ ವೋಲ್ಟೇಜ್ ಕಾರಿನ ಬಾಡಿಗೆ ಸೋರುತ್ತಿರುವುದನ್ನು, ಪಿ0ಎ93 ಇನ್ವರ್ಟರ್ ತಂಪಾಗದಿರುವುದನ್ನು ಸೂಚಿಸುತ್ತವೆ. ಪಿ0ಎ80 ಬಂದರೆ ದೊಡ್ಡ ಬ್ಯಾಟರಿಯ ಮಾತು. ಆಗಲೂ ಕಾರು ಏರು ಹತ್ತುವಾಗ, ಇಳಿಯುವಾಗ ಬ್ಲಾಕ್‌ಗಳ ವೋಲ್ಟೇಜ್ ಹೇಗೆ ಬೇರೆಯಾಗುತ್ತದೆ ಎಂಬ ದಾಖಲೆ ಕೇಳಿ.

ಎಲ್ಲವನ್ನೂ ಬರೆದುಕೊಂಡ ಮೇಲೆ, ಈಗ ಅಳಿಸಬಹುದು. ಕಪ್ಲರ್ ಬಿಚ್ಚಿದ್ದಾಗ ಯಾರೋ ಬಟನ್ ಒತ್ತಿದ್ದರಿಂದ ಬಂದ ಹಳೆಯ ಕೋಡ್‌ಗಳು ಮರಳಿ ಬರುವುದಿಲ್ಲ. ಮರಳಿ ಬಂದದ್ದೇ ನಿಜವಾದ ದೋಷ; ಅದರಲ್ಲೂ ಮೊದಲು ಬಂದದ್ದು.

ಐದನೆಯ ಹೆಜ್ಜೆ: ರಿಪೇರಿಯ ಜಾಡು

ಎಸಿ ಕೆಲಸ ಮಾಡಿಸಿದ್ದರೆ ಈ ಭಾಗವನ್ನು ಎರಡು ಬಾರಿ ಓದಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಎಸಿ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ, ಎಲ್ಲ ಕಾರುಗಳಿಗೂ ಒಂದೇ ಯಂತ್ರ, ಒಂದೇ ಎಣ್ಣೆ. ಸ್ಟ್ರಾಂಗ್ ಹೈಬ್ರಿಡ್‌ನ ಎಸಿ ಕಂಪ್ರೆಸರ್ ಬೆಲ್ಟಿನಿಂದ ತಿರುಗುವುದಿಲ್ಲ. ಅದರೊಳಗೆ ಹೈ ವೋಲ್ಟೇಜ್ ಮೋಟರ್ ಇದೆ, ಆ ಮೋಟರಿನ ಸುರುಳಿ ಗ್ಯಾಸ್ ಮತ್ತು ಎಣ್ಣೆಯಲ್ಲೇ ಮುಳುಗಿರುತ್ತದೆ. ಆದ್ದರಿಂದ ಆ ಎಣ್ಣೆ ವಿದ್ಯುತ್ ಹರಿಯಗೊಡದ ಎಸ್ಟರ್ ಬಗೆಯದಾಗಿರಬೇಕು, ಟೊಯೋಟಾಕ್ಕೆ ಎನ್‌ಡಿ-11. ಸಾಮಾನ್ಯ ಕಾರುಗಳ ಪಿಎಜಿ ಎಣ್ಣೆ ಸ್ವಲ್ಪವೇ ಬೆರೆತರೂ ನಿರೋಧಕ ಶಕ್ತಿ ಕುಸಿಯುತ್ತದೆ, ವಿದ್ಯುತ್ ಬಾಡಿಯ ಕಡೆಗೆ ಸೋರುತ್ತದೆ, ಪಿ0ಎಎ6 ಹೊತ್ತುತ್ತದೆ. ಎಣ್ಣೆ ಹಾಕಿಯೇ ಇಲ್ಲ ಎಂದು ಅಂಗಡಿಯವರು ಪ್ರಾಮಾಣಿಕವಾಗಿ ಹೇಳಬಹುದು. ಯಂತ್ರದ ಪೈಪಿನಲ್ಲಿ ಉಳಿದ ಹಿಂದಿನ ಕಾರಿನ ಎಣ್ಣೆಯೂ ಒಳಹೋಗುತ್ತದೆ.

ಇದನ್ನು ಗುರುತಿಸಲು ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಕೋಡ್ ಅಳಿಸಿದ ಮೇಲೆ ಎಸಿ ಪೂರ್ತಿ ಬಂದ್ ಇಟ್ಟಾಗ ಕಾರು ಸುಮ್ಮನಿದ್ದು, ಎಸಿ ಹಾಕಿದೊಡನೆ ದೀಪ ಬಂದರೆ ಕಂಪ್ರೆಸರ್ ಕಡೆ ಬೆರಳು ತೋರಿಸಬಹುದು. ಖಚಿತಪಡಿಸುವುದು ತರಬೇತಿ ಇದ್ದವರ ಕೆಲಸ: ಹೈ ವೋಲ್ಟೇಜ್ ಇಳಿಸಿ, ಕಂಪ್ರೆಸರ್ ಕಪ್ಲರ್ ಬೇರ್ಪಡಿಸಿ, ಮೆಗ್ಗರ್‌ನಿಂದ ಒಂದೊಂದು ಶಾಖೆಯ ನಿರೋಧ ಅಳೆಯುವುದು. ಹಳೆಯ ಪ್ರಿಯಸ್‌ನಂಥ ಟೊಯೋಟಾಗಳಲ್ಲಿ ಈ ಕೋಡ್‌ನ ಜೊತೆ ಉಪಸಂಖ್ಯೆಯೂ ಬರುತ್ತದೆ. 611 ಎಸಿ, 612 ಬ್ಯಾಟರಿ, 613 ಟ್ರಾನ್ಸಾಕ್ಸಲ್ (ಗೇರ್ ಮತ್ತು ಮೋಟರಿನ ಪೆಟ್ಟಿಗೆ), 614 ಹೈ ವೋಲ್ಟೇಜ್ ಡಿಸಿ ಭಾಗ. ಗೇರ್ ಎಣ್ಣೆ ಬದಲಿಸಿದ್ದರೆ ಅದರ ಮೇಲೂ ಸಂಶಯ ಇರಲಿ. ಮೋಟರ್ ಇರುವ ಪೆಟ್ಟಿಗೆಗೆ ಕಂಪನಿ ಹೇಳಿದ ಎಣ್ಣೆ ಬಿಟ್ಟು ಬೇರೆ ಸಲ್ಲದು.

ಮುಂಭಾಗದ ಅಪಘಾತದ ಕೆಲಸವಾಗಿದ್ದರೆ ಇನ್ವರ್ಟರ್ ಕೂಲಂಟ್ ನೋಡಿ. ಹಲವು ಕಾರುಗಳಲ್ಲಿ ಎಂಜಿನ್‌ಗೆ ಒಂದು, ಇನ್ವರ್ಟರ್‌ಗೆ ಇನ್ನೊಂದು ಡಬ್ಬ ಇರುತ್ತದೆ. ರೇಡಿಯೇಟರ್ ತೆಗೆದು ಹಾಕಿದವರು ಎಂಜಿನ್ನಿನದನ್ನು ತುಂಬಿ ಇನ್ನೊಂದನ್ನು ಮರೆತಿರಬಹುದು, ಅಥವಾ ತುಂಬಿದರೂ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಕಾರು ತಣ್ಣಗಿರುವಾಗ ‘ರೆಡಿ’ಗೆ ತಂದು ಇನ್ವರ್ಟರ್ ಡಬ್ಬದೊಳಗೆ ನೀರು ಅಲುಗುತ್ತಿದೆಯೇ ಗಮನಿಸಿ. ನಿಶ್ಚಲವಾಗಿದ್ದರೆ ಪಂಪಿನ ಫ್ಯೂಸ್, ಕಪ್ಲರ್, ಗಾಳಿ, ಈ ಕ್ರಮದಲ್ಲಿ ಹುಡುಕಿ. ಊರೊಳಗೆ ಸುಮ್ಮನಿದ್ದು ಚೋರ್ಲಾ ಘಾಟಿಯ ಏರಿನಲ್ಲಿ ಮಾತ್ರ ದೀಪ ಬರುತ್ತಿದ್ದರೆ ಇದೇ ಮೊದಲ ಗುಮಾನಿ. ಕೂಲಂಟ್ ಬದಲು ನಲ್ಲಿಯ ನೀರು ಸುರಿದಿದ್ದರೆ ಪೂರ್ತಿ ತೆಗೆಸಿ.

ಸೀಟ್ ಕವರ್, ಮ್ಯಾಟ್, ಸ್ಟೀರಿಯೊ ಹಾಕಿಸಿದ್ದೀರಾ? ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಬದಿಯಲ್ಲೋ ಕೆಳಗೋ ಇರುತ್ತದೆ. ದಪ್ಪ ರೆಕ್ಸಿನ್ ಕವರ್ ಅದನ್ನು ಮುಚ್ಚಿದರೆ ಬ್ಯಾಟರಿ ಉಸಿರುಗಟ್ಟುತ್ತದೆ. ಬಾಗಲಕೋಟೆ, ವಿಜಯಪುರದ ಧೂಳಿಗೆ ಆ ಜಾಲರಿಯ ಫಿಲ್ಟರ್ ಹೇಗೂ ಕಟ್ಟುತ್ತದೆ. ತೆಗೆದು ಸ್ವಚ್ಛ ಮಾಡಿಸಿ. ಸೀಟಿನ ಅಡಿಯ ಹಳದಿ ಕಪ್ಲರ್ ಏರ್‌ಬ್ಯಾಗಿನದು. ಅದರಲ್ಲಿ ಮೀಟರ್ ಚುಚ್ಚಬೇಡಿ. ಸ್ಟೀರಿಯೊ, ಹಾರ್ನ್, ಡ್ಯಾಶ್‌ಕ್ಯಾಮ್‌ಗೆ ತಂತಿ ಕತ್ತರಿಸಿ ಟೇಪ್ ಸುತ್ತಿದ್ದರೆ ಅವನ್ನೆಲ್ಲ ಕಳಚಿ ಕಾರನ್ನು ಕಂಪನಿಯಿಂದ ಬಂದ ಸ್ಥಿತಿಗೆ ತಂದು ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಸರ್ವಿಸ್ ಪ್ಲಗ್ ತೆಗೆದು ಹಾಕಿದ್ದಾರೆ ಎಂದು ತಿಳಿದರೆ, ಅದರ ಹಿಡಿ ಕೊನೆಯ ಹಂತದವರೆಗೆ ಕೂತಿಲ್ಲದಿರುವ ಸಾಧ್ಯತೆ ಹೆಚ್ಚು. ಪ್ಲಗ್ ಒಳಹೋಗಿದ್ದರೂ ಹಿಡಿ ಪೂರ್ತಿ ಜಾರದಿದ್ದರೆ ಇಂಟರ್‌ಲಾಕ್ ಮುಚ್ಚುವುದಿಲ್ಲ, ಕಾರು ರೆಡಿ ಆಗುವುದಿಲ್ಲ. ಗುರುತಿಸುವುದು ನಿಮ್ಮ ಕೆಲಸ, ಸರಿಪಡಿಸುವುದು ಗ್ಲೌಸ್ ಇರುವವರದು.

ಬ್ರೇಕ್ ಪ್ಯಾಡ್ ಬದಲಿಸಿದ್ದರೆ ಚಕ್ರದ ವೇಗದ ಸೆನ್ಸರ್ ತಂತಿ ಎಳೆದುಹೋಗಿದೆಯೇ ನೋಡಿ. ಬ್ರೇಕ್ ಎಣ್ಣೆ ಬದಲಿಸಿದ್ದರೆ ಗಾಳಿ ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ. ಪೆಡಲ್ ತುಳಿದು ತೆಗೆಯುವ ಹಳೆಯ ಪದ್ಧತಿ ಇಲ್ಲಿ ಸಾಲದು. ಪೆಡಲ್ ಮೆತ್ತಗಿದ್ದರೆ ಕಾರು ಓಡಿಸಲೇಬೇಡಿ. ಪ್ರೆಷರ್ ಪಂಪಿನಿಂದ ಎಂಜಿನ್ ತೊಳೆಸಿದ್ದರೆ ಕಪ್ಲರ್‌ಗಳಲ್ಲಿ ನೀರು, ಒಣಗಿಸಿ. ಕಬ್ಬಿನ ಗದ್ದೆಯ ಪಕ್ಕದ ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಂತಿದ್ದರೆ ಇಲಿ ತಂತಿ ಕಡಿದಿದೆಯೇ ನೋಡಿ.

ರಾತ್ರಿಯಿಡೀ ಬ್ಯಾಟರಿ ಇಳಿಯುತ್ತಿದ್ದರೆ

ಹಗಲು ಎಲ್ಲ ಸರಿ, ಎರಡು ದಿನ ನಿಲ್ಲಿಸಿದರೆ ಸತ್ತಿರುತ್ತದೆ ಎಂಬುದು ಬೇರೆಯೇ ದೂರು. ಮೈನಸ್ ತುದಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ನಡುವೆ ಜೋಡಿಸಿ. ಬಾಗಿಲು, ಬಾನೆಟ್ ಲಾಕ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿದಂತೆ ಮಾಡಿ, ಕೀ ದೂರ ಒಯ್ದು, ಒಂದು ಗಂಟೆ ಕಾಯಿರಿ; ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಸಮಯ ಬೇಕು. ಮೀಟರ್ ಜೋಡಿಸಿರುವಾಗ ಬಟನ್ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಆಮೇಲೆ 50 ಮಿಲಿ ಆಂಪಿಯರ್‌ಗಿಂತ ಹೆಚ್ಚು ಹರಿಯುತ್ತಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ಎಲ್ಲಿ ಇಳಿಯುತ್ತದೆ ನೋಡಿ. ಹೊಸದಾಗಿ ಹಾಕಿಸಿದ ಜಿಪಿಎಸ್ ಅಥವಾ ಡ್ಯಾಶ್‌ಕ್ಯಾಮ್ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಅದರಿಂದಲೇ ಆರಂಭಿಸಿ.

ಒಪ್ಪಿಸುವಾಗ

ಇಷ್ಟಾದರೂ ಸಿಗದಿದ್ದರೆ, ಅಥವಾ ಸುಳಿವು ಕಿತ್ತಳೆ ಕೇಬಲ್ ಕಡೆಗೆ ಹೋದರೆ, ಕಾರನ್ನು ಹೈಬ್ರಿಡ್ ತರಬೇತಿ ಪಡೆದ ತಂತ್ರಜ್ಞರಿಗೆ ಕೊಡಿ. ಎಳೆದೊಯ್ಯುವಾಗ ಮುಂದಿನ ಚಕ್ರಗಳು ನೆಲದ ಮೇಲೆ ಉರುಳಬಾರದು. ಚಕ್ರ ತಿರುಗಿದರೆ ಮೋಟರ್ ವಿದ್ಯುತ್ ಹುಟ್ಟಿಸುತ್ತದೆ. ಬಾಗಲಕೋಟೆಯಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಕಳಿಸುವುದಾದರೆ ಚಪ್ಪಟೆ ಹಾಸಿನ ಟ್ರಕ್ ಕೇಳಿ, ಹಗ್ಗ ಕಟ್ಟುವವರನ್ನು ವಾಪಸು ಕಳಿಸಿ.

ನಿಮ್ಮ ಟಿಪ್ಪಣಿ, ಫೋಟೋ, ವೋಲ್ಟೇಜ್ ಅಳತೆ, ಹಿಂದಿನ ಬಿಲ್ಲು ಜೊತೆಗಿರಲಿ. ಬ್ಯಾಟರಿ ಬದಲಿಸಬೇಕು ಎಂದರೆ ಮೂರು ಕಾಗದ ಕೇಳಿ: ಕೋಡ್‌ಗಳ ಪೂರ್ಣ ಮುದ್ರಿತ ಪಟ್ಟಿ, ಬ್ಲಾಕ್ ವೋಲ್ಟೇಜ್‌ಗಳು, ನಿರೋಧ ಪರೀಕ್ಷೆಯ ಅಳತೆ. ಟೊಯೋಟಾ, ಮಾರುತಿ, ಹೋಂಡಾ ಮೂರೂ ತಮ್ಮ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಪ್ರಕಟಿಸಿವೆ. ಆ ಅವಧಿಯೊಳಗಿನ ಕಾರಿಗೆ ವಾರಂಟಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿಗೆ ಬೆಲೆ ಇಲ್ಲ.

ದೋಷ ಸರಿಯಾಯಿತು ಎಂದು ಕಾರು ಕೊಟ್ಟಾಗ ಗ್ಯಾರೇಜಿನ ಅಂಗಳದಲ್ಲೇ ಸಹಿ ಹಾಕಬೇಡಿ. ಎಸಿ ಹಾಕಿ, ಹೆದ್ದಾರಿಯಲ್ಲಿ ವೇಗವಾಗಿ, ಸಂತೆಯ ರಸ್ತೆಯಲ್ಲಿ ನಿಧಾನವಾಗಿ, ಒಂದು ಏರಿನಲ್ಲಿ, ಎಲ್ಲ ಸ್ಥಿತಿಯಲ್ಲೂ ಓಡಿಸಿ. ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ 12 ವೋಲ್ಟ್ ಮತ್ತೆ ಅಳೆದು, ಸ್ಕ್ಯಾನರ್‌ನಲ್ಲಿ ಬಾಕಿ ಕೋಡ್‌ಗಳನ್ನೂ ನೋಡಿ. ದೀಪ ಹೊತ್ತಿಸುವಷ್ಟು ಬಲಿಯದ ದೋಷ ಅಲ್ಲಿ ಅಡಗಿರುತ್ತದೆ.

ರಿಪೇರಿಯಿಂದಲೇ ಹಾನಿಯಾಗಿದೆ ಎಂಬುದು ಅಳತೆಗಳಿಂದ ಗೊತ್ತಾಗಿ, ಗ್ಯಾರೇಜು ಕೈತೊಳೆದುಕೊಂಡರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗ್ಯಾರೇಜು ಬೆಳಗಾವಿಯಲ್ಲಿದ್ದರೂ ವಿಜಯಪುರದವರು ವಿಜಯಪುರದಲ್ಲೇ ಸಲ್ಲಿಸಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಜಾಬ್ ಕಾರ್ಡ್ ಮತ್ತು ಬದಲಿಸಿದ ಹಳೆಯ ಭಾಗಗಳನ್ನು ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿ.